ಚಿತ್ರ ತೆಗೆದ ಮೇಲೆ ಆ ಕಣ ಎಲ್ಲಿಗೆ ಹೋಗುತ್ತದೆ?

ರಕ್ತನಾಳದ ಚಿತ್ರ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ, ಅವರಿಗೇ ಅದನ್ನು ತೆಗೆಯುವುದು ಕಷ್ಟ. ಹತ್ತಿಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರನ್ನು ನೋಡಿ. ಕಾಲಿನ ನಾಳ ಕಟ್ಟಿಕೊಳ್ಳುತ್ತದೆ. ಗಾಯ ಒಣಗುವುದಿಲ್ಲ. ಎಲ್ಲಿ ಬ್ಲಾಕ್ ಆಗಿದೆ ಅಂತ ಡಾಕ್ಟರಿಗೆ ಗೊತ್ತಾಗಬೇಕು. ಅಷ್ಟು ಹೊತ್ತಿಗೆ ಅವರ ಕಿಡ್ನಿಯೂ ಸೋತಿರುತ್ತದೆ. ಸಿಟಿ ಆಂಜಿಯೋಗ್ರಾಮಿಗೆ ಕೊಡುವ ಅಯೋಡಿನ್ ಇಂಜೆಕ್ಷನ್, ಉಳಿದಿರುವ ಕಿಡ್ನಿಯ ಶಕ್ತಿಗೂ ಪೆಟ್ಟು ಕೊಡಬಹುದು ಅನ್ನುವ ಹೆದರಿಕೆ. ಎಂಆರ್‌ಐಗೆ ಕೊಡುವ ಗ್ಯಾಡೊಲಿನಿಯಂ ಅನ್ನುವ ಲೋಹದ ಇಂಜೆಕ್ಷನ್ ಬಹುಪಾಲು ಕಿಡ್ನಿಯ ದಾರಿಯಲ್ಲೇ ಹೊರಗೆ ಹೋಗಬೇಕು. ಆ ದಾರಿ ಮುಚ್ಚಿದ್ದರೆ ಅದು ಮೈಯಲ್ಲೇ ಉಳಿಯುತ್ತದೆ.

ನೀರ್ಚಾಲಿನ ನಮ್ಮ ದೊಡ್ಡಮಾವ ಸಿಕ್ಕಿಬಿದ್ದದ್ದು ಇಲ್ಲೇ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರು, ಅದು ಹಿಂದಿನಿಂದಲೂ ಹಾಗೇ. ನಮ್ಮ ರಾಜ್ಯ ಕೇರಳದ ರಾಜಧಾನಿ ತಿರುವನಂತಪುರ ರೈಲಿನಲ್ಲಿ ಒಂದು ರಾತ್ರಿಯ ದೂರ, ಮಂಗಳೂರು ಬಸ್ಸಿನಲ್ಲಿ ಎರಡು ಗಂಟೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಒಳದಾರಿಗಳಿಗೂ ಮಣ್ಣು ಸುರಿದಾಗ, ಈ ಎರಡು ಗಂಟೆ ನಮಗೆ ಎಷ್ಟು ದೊಡ್ಡದು ಅಂತ ಇಲ್ಲಿಯ ಪ್ರತಿ ಮನೆಗೂ ಗೊತ್ತಾಯಿತು. ಡಯಾಲಿಸಿಸ್‌ಗೆ ಹೋಗುವವರ ಮನೆಗಳಿಗಂತೂ ಇನ್ನೂ ಜಾಸ್ತಿ. ಮಾವನ ಕತೆ ಅದಾಗಿ ಸ್ವಲ್ಪ ಸಮಯದ ಮೇಲಿನದು. ಒಬ್ಬರು ಡಾಕ್ಟರು ಸಿಟಿ ಬೇಡ ಅಂದರು, ಇನ್ನೊಬ್ಬರು ಎಂಆರ್‌ಐ ಇಂಜೆಕ್ಷನ್ ಬೇಡ ಅಂದರು. ಇಬ್ಬರ ಮಾತಿಗೂ ಕಾರಣ ಇತ್ತು. ಕೊನೆಗೆ ಅಲ್ಟ್ರಾಸೌಂಡಿನಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಮಾಡಿ, ಅದರಲ್ಲಿ ಕಂಡಷ್ಟನ್ನು ಇಟ್ಟುಕೊಂಡು ಚಿಕಿತ್ಸೆ ಶುರುಮಾಡಿದರು.

ನಾನು ಓದಿದ್ದು ಕೆಮಿಸ್ಟ್ರಿ. ಪಿಎಚ್‌ಡಿಯಲ್ಲಿ ಮಾಡಿದ್ದು ಇದೇ ಕೆಲಸ, ಎಂಆರ್‌ಐನಲ್ಲಿ ರಕ್ತನಾಳ ಚೆನ್ನಾಗಿ ಕಾಣುವಂಥ ಕಬ್ಬಿಣದ ನ್ಯಾನೋ ಕಣಗಳನ್ನು ತಯಾರಿಸುವುದು. ಊರಿಗೆ ಬಂದಾಗ ಜನ ಕೇಳುತ್ತಾರೆ, ಕಬ್ಬಿಣವನ್ನು ರಕ್ತಕ್ಕೆ ಹಾಕುವುದಾ ಅಂತ. ಒಳ್ಳೆಯ ಪ್ರಶ್ನೆ. ಉದ್ದಕ್ಕೆ ಉತ್ತರ ಕೊಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಂಆರ್‌ಐ ನೋಡುವುದು ಏನನ್ನು ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಮೈಯಲ್ಲಿ ಜಾಸ್ತಿ ಇರುವುದು ನೀರು. ನೀರಿನಲ್ಲಿ ಹೈಡ್ರೋಜನ್ ಇದೆ. ಅದರ ನಡುವಿನ ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತ. ಆಸ್ಪತ್ರೆಯ ಯಂತ್ರ ಸಾಮಾನ್ಯವಾಗಿ 1.5 ಟೆಸ್ಲಾ, ಕೆಲವು ಕಡೆ 3 ಟೆಸ್ಲಾ. 1.5 ಅಂದರೂ ಭೂಮಿಯ ಕಾಂತಶಕ್ತಿಗಿಂತ ಸುಮಾರು 30 ಸಾವಿರ ಪಟ್ಟು. ಅದರೊಳಗೆ ಮಲಗಿದಾಗ ಪ್ರೋಟಾನುಗಳಲ್ಲಿ ಸಣ್ಣ ಒಂದು ಪಾಲು ಹೆಚ್ಚಾಗಿ ಯಂತ್ರದ ದಿಕ್ಕಿಗೆ ವಾಲುತ್ತದೆ. ರೇಡಿಯೋ ಅಲೆ ಕಳಿಸಿ ಅವನ್ನು ಓರೆ ಮಾಡುತ್ತಾರೆ. ಅವು ವಾಪಸ್ ಮೊದಲಿನ ಸ್ಥಿತಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದೇ ಚಿತ್ರದ ಬೆಳಕು ಮತ್ತು ಕತ್ತಲು. ಈ ವಾಪಸಾತಿಗೆ ಎರಡು ಲೆಕ್ಕ ಇದೆ, ಟಿ1 ಮತ್ತು ಟಿ2. ಟಿ1 ಕಡಿಮೆಯಾದರೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಟಿ2 ತುಂಬಾ ಕಡಿಮೆಯಾದರೆ ಕಪ್ಪಾಗುತ್ತದೆ. 1973ರಲ್ಲಿ ಪಾಲ್ ಲಾಟರ್ಬರ್ ಇಂಥ ಮೊದಲ ಚಿತ್ರ ಪ್ರಕಟಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಂತು.

ರಕ್ತದ ಟಿ1 ಒಂದು ಸೆಕೆಂಡಿಗಿಂತ ಜಾಸ್ತಿ. ಸುತ್ತಲಿನ ಕೊಬ್ಬಿನದು ಅದರ ಕಾಲು ಭಾಗದಷ್ಟು. ಹಾಗಾಗಿ ಸುಮ್ನೆ ತೆಗೆದರೆ ಕೊಬ್ಬು ಹೊಳೆಯುತ್ತದೆ, ರಕ್ತ ಮಂಕಾಗಿರುತ್ತದೆ. ಇಂಜೆಕ್ಷನ್ ಇಲ್ಲದೆ, ರಕ್ತ ಹರಿಯುವುದನ್ನೇ ಬಳಸಿಕೊಂಡು ತೆಗೆಯುವ ವಿಧಾನವೂ ಇದೆ. ಮೆದುಳಿನ ನಾಳಗಳಿಗೆ ಅದು ಚೆನ್ನಾಗಿ ಆಗುತ್ತದೆ. ಆದರೆ ಹರಿವು ನಿಧಾನವಾದ ಕಡೆ, ಸುಳಿ ಸುತ್ತುವ ಕಡೆ, ಚಿತ್ರ ಮಾಸಿ ಹೋಗುತ್ತದೆ. ಕಟ್ಟಿಕೊಂಡ ನಾಳದಲ್ಲಿ ಹರಿವು ನಿಧಾನವೇ ಅಲ್ವಾ? ಬೇಕಾದ ಜಾಗದಲ್ಲೇ ಅದು ಕೈಕೊಡುತ್ತದೆ.

ಇಲ್ಲಿ ಗ್ಯಾಡೊಲಿನಿಯಂ ಬರುತ್ತದೆ. ಅದರ ಅಯಾನಿನಲ್ಲಿ ಜೋಡಿ ಇಲ್ಲದ ಎಲೆಕ್ಟ್ರಾನುಗಳು ಏಳು. ಹತ್ತಿರ ಬಂದ ನೀರಿನ ಪ್ರೋಟಾನುಗಳು ಬೇಗ ವಾಪಸಾಗುವಂತೆ ಅದು ಮಾಡುತ್ತದೆ. ಆದರೆ ಬರೀ ಗ್ಯಾಡೊಲಿನಿಯಂ ವಿಷ. ಗಾತ್ರದಲ್ಲಿ ಅದು ಹೆಚ್ಚುಕಡಿಮೆ ಕ್ಯಾಲ್ಸಿಯಮ್ಮಿನಷ್ಟೇ ಇರುವುದರಿಂದ ಕ್ಯಾಲ್ಸಿಯಂ ಹೋಗುವ ದಾರಿಗಳಿಗೆ ಅಡ್ಡ ಕೂರುತ್ತದೆ. ಅದಕ್ಕೇ ಅದನ್ನು ಒಂದು ಸಾವಯವ ಅಣುವಿನ ಹಿಡಿತದಲ್ಲಿಟ್ಟು ಕೊಡುತ್ತಾರೆ. 1988ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಗ್ನೆವಿಸ್ಟ್ ಈ ಜಾತಿಯಲ್ಲಿ ಮೊದಲನೆಯದು. 1990ರ ದಶಕದ ಆರಂಭದಲ್ಲಿ ಮಾರ್ಟಿನ್ ಪ್ರಿನ್ಸ್ ಮತ್ತು ಜೊತೆಗಾರರು, ಇದನ್ನು ಕೊಟ್ಟು ರಕ್ತದ ಟಿ1 ಅನ್ನು ಕೊಬ್ಬಿಗಿಂತ ಕೆಳಗಿಳಿಸಿದರೆ ನಾಳಗಳು ಮಾತ್ರ ಎದ್ದು ಕಾಣುತ್ತವೆ ಅಂತ ತೋರಿಸಿದರು. ಇವತ್ತು ನಾವು ಎಂಆರ್ ಆಂಜಿಯೋಗ್ರಾಂ ಅನ್ನುವುದು ಹೆಚ್ಚಾಗಿ ಅದನ್ನೇ.

ಆದರೆ ಈ ಅಣುಗಳು ತೀರಾ ಚಿಕ್ಕವು. ನಾಳದ ಗೋಡೆಯ ಸಂದಿಯಿಂದ ನಿಮಿಷಗಳಲ್ಲೇ ಸುತ್ತಲಿನ ಮಾಂಸಕ್ಕೆ ಸೋರಿಬಿಡುತ್ತವೆ. ಅಡಿಕೆ ತೋಟದಲ್ಲಿ ಮಣ್ಣಿನಡಿ ಹೂತ ಹಳೇ ಪೈಪು ಎಲ್ಲಿ ಹೋಗಿದೆ ಅಂತ ಒದ್ದೆ ಮಣ್ಣಿನ ಗೆರೆ ನೋಡಿ ಹುಡುಕುತ್ತೇವಲ್ಲ, ಹಾಗೆ. ಮೊದಲು ಗೆರೆ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಇಡೀ ಮಣ್ಣೇ ಒದ್ದೆ. ಅದಕ್ಕೇ ಇಂಜೆಕ್ಷನ್ ಬೇಕಾದ ನಾಳಕ್ಕೆ ತಲುಪುವ ಆ ಕೆಲವೇ ಸೆಕೆಂಡುಗಳಲ್ಲಿ, ರೋಗಿಗೆ ಉಸಿರು ಹಿಡಿಯಲು ಹೇಳಿ, ಚಿತ್ರ ಮುಗಿಸಬೇಕು. ಉಸಿರು ಹಿಡಿಯಲಾಗದ ಅಜ್ಜನಿಗೆ, ಹೇಳಿದ್ದು ಅರ್ಥವಾಗದ ಮಗುವಿಗೆ, ಇದು ಕಷ್ಟ.

ಇನ್ನೊಂದು ತೊಂದರೆ ದೊಡ್ಡದು. 1997ರಿಂದ ಕೆಲವು ಕಿಡ್ನಿ ರೋಗಿಗಳಲ್ಲಿ ಚರ್ಮ ಗಟ್ಟಿಯಾಗಿ, ಕೈಕಾಲಿನ ಗಂಟುಗಳು ಮಡಚಲಾರದಂತಾಗುವ ಹೊಸ ಕಾಯಿಲೆಯೊಂದು ಕಾಣಿಸಿಕೊಂಡಿತು. ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಅಂತ ಅದರ ಹೆಸರು. ಕಾರಣ ಯಾರಿಗೂ ಗೊತ್ತಿರಲಿಲ್ಲ. 2006ರಲ್ಲಿ ಅದಕ್ಕೂ ಗ್ಯಾಡೊಲಿನಿಯಮ್ಮಿಗೂ ಸಂಬಂಧ ಇದೆ ಅಂತ ಗೊತ್ತಾಯಿತು. ಕಿಡ್ನಿ ಸರಿ ಇದ್ದವರಲ್ಲಿ ಔಷಧ ಬೇಗ ಹೊರಗೆ ಹೋಗುತ್ತದೆ. ಇಲ್ಲದವರಲ್ಲಿ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತದೆ. ಹಾಗೆ ಸುತ್ತುವಾಗ, ಮೈಯಲ್ಲಿರುವ ಸತು ಮುಂತಾದ ಲೋಹಗಳು ಆ ಹಿಡಿತದೊಳಗೆ ಸೇರಿಕೊಂಡು ಗ್ಯಾಡೊಲಿನಿಯಮ್ಮನ್ನು ಹೊರಗೆ ತಳ್ಳುತ್ತವೆ. ತೆರೆದ ಸರಪಳಿಯ ಅಣುಗಳಲ್ಲಿ ಇದು ಜಾಸ್ತಿ. ಪಂಜರದ ಆಕಾರದ ಅಣುಗಳಲ್ಲಿ ತೀರಾ ಕಡಿಮೆ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಔಷಧದ ಲೇಬಲ್ಲಿಗೆ ಅತಿ ಗಂಭೀರವಾದ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಪದ್ಧತಿ ಬದಲಾದ ಮೇಲೆ ಈ ಕಾಯಿಲೆಯ ಹೊಸ ಪ್ರಕರಣಗಳು ಬಹಳ ಅಪರೂಪವಾದವು. ಆದರೆ 2014ರಲ್ಲಿ ಜಪಾನಿನ ಡಾಕ್ಟರುಗಳು ಇನ್ನೊಂದನ್ನು ಗಮನಿಸಿದರು. ಮತ್ತೆ ಮತ್ತೆ ಈ ಇಂಜೆಕ್ಷನ್ ತೆಗೆದುಕೊಂಡವರ ಮೆದುಳಿನ ಕೆಲವು ಭಾಗ, ಇಂಜೆಕ್ಷನ್ ಇಲ್ಲದೆ ತೆಗೆದ ಚಿತ್ರದಲ್ಲೂ ಬೆಳ್ಳಗೆ ಕಾಣುತ್ತಿತ್ತು. ಸ್ವಲ್ಪ ಗ್ಯಾಡೊಲಿನಿಯಂ ಅಲ್ಲೇ ಉಳಿದಿತ್ತು. ಅದರಿಂದ ಕೆಡುಕಾಗಿದೆ ಅಂತ ಸಾಬೀತಾಗಿಲ್ಲ. ಆದರೂ 2017ರಲ್ಲಿ ಯುರೋಪು ತೆರೆದ ಸರಪಳಿಯ ಹಲವು ಔಷಧಗಳ ಬಳಕೆಯನ್ನು ನಿಲ್ಲಿಸಿತು.

ಇದನ್ನೆಲ್ಲ ಲ್ಯಾಬಿನಲ್ಲಿ ಓದುವಾಗ ನನಗೆ ನೆನಪಾಗುತ್ತಿದ್ದುದು ನಮ್ಮ ಕಡೆಯ ಊರುಗಳಾದ ಪೆರ್ಲ, ಪಡ್ರೆ, ಎಣ್ಮಕಜೆ. ಎರಡು ದಶಕಕ್ಕೂ ಜಾಸ್ತಿ ಕಾಲ ಇಲ್ಲಿಯ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೀಟ ಸಾಯುತ್ತದಾ ಅಂತ ನೋಡಿದರು. ಸಾಯುತ್ತಿತ್ತು. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ, ಗುಡ್ಡದ ಕೆಳಗಿನ ತೋಡಿಗೆ ಎಷ್ಟು, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಿಗೆ ಎಷ್ಟು, ಆ ನೀರು ಕುಡಿದ ಬಸುರಿಯ ಮೈಗೆ ಎಷ್ಟು ಅಂತ ಸಮಯಕ್ಕೆ ಸರಿಯಾಗಿ ಯಾರೂ ಕೇಳಲಿಲ್ಲ. 2000ದಲ್ಲಿ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಆ ವರ್ಷಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಹಲವರನ್ನು ಇಂದಿಗೂ ಅಮ್ಮಂದಿರೇ ಎತ್ತಿ ಸ್ನಾನ ಮಾಡಿಸುತ್ತಾರೆ. ಈ ಊರಿನಲ್ಲಿ ಬೆಳೆದವನಿಗೆ ಒಂದು ರಾಸಾಯನಿಕದ ಬಗ್ಗೆ ಮೊದಲು ಏಳುವ ಪ್ರಶ್ನೆ ಅದು ಕೆಲಸ ಮಾಡುತ್ತದಾ ಅಂತ ಅಲ್ಲ. ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ. ನನ್ನ ಕೆಲಸದಲ್ಲಿ ನಾನು ಹಿಡಿದುಕೊಂಡದ್ದು ಈ ಒಂದೇ ಪ್ರಶ್ನೆಯನ್ನು.

ಕಬ್ಬಿಣ ನನಗೆ ಇಷ್ಟವಾದದ್ದೂ ಅದಕ್ಕೇ. ಮೈಗೆ ಕಬ್ಬಿಣ ಹೊಸದಲ್ಲ. ಅದನ್ನು ಕೂಡಿಡಲು, ಸಾಗಿಸಲು, ಹಳೇ ರಕ್ತಕಣ ಒಡೆದು ವಾಪಸ್ ತೆಗೆಯಲು ಮೈಯಲ್ಲೇ ವ್ಯವಸ್ಥೆ ಇದೆ. ಗ್ಯಾಡೊಲಿನಿಯಮ್ಮಿಗೆ ಅಂಥದ್ದು ಯಾವುದೂ ಇಲ್ಲ.

ಹಾಗಂತ ಯಾವ ಕಬ್ಬಿಣವಾದರೂ ಆಗುವುದಿಲ್ಲ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಕೆಂಪಗಿರುವುದು ಕಬ್ಬಿಣದ ಆಕ್ಸೈಡಿನಿಂದಲೇ. ಆದರೆ ಅದಕ್ಕೆ ಅಯಸ್ಕಾಂತ ಹಿಡಿದರೆ ಅಂಟುವುದಿಲ್ಲ, ಯಾಕೆಂದರೆ ಅದರಲ್ಲಿ ಜಾಸ್ತಿ ಇರುವುದು ಹೆಮಟೈಟ್ ಮತ್ತು ಗೋಥೈಟ್. ಅವುಗಳಲ್ಲಿ ಪರಮಾಣುಗಳ ಕಾಂತಗುಣ ಒಂದರ ವಿರುದ್ಧ ಒಂದು ನಿಂತು ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ನಮಗೆ ಬೇಕಾದದ್ದು ಮ್ಯಾಗ್ನಟೈಟ್, ಕಪ್ಪು ಆಕ್ಸೈಡ್. ಅದೇ ಕಬ್ಬಿಣ, ಅದೇ ಆಮ್ಲಜನಕ, ಕೂರುವ ಕ್ರಮ ಬೇರೆ. ಅದನ್ನು ಇಪ್ಪತ್ತು ನ್ಯಾನೋಮೀಟರಿಗಿಂತ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಚಿಕ್ಕದು ಮಾಡಿದರೆ ಇನ್ನೊಂದು ಒಳ್ಳೆಯ ಗುಣ ಬರುತ್ತದೆ. ಯಂತ್ರದೊಳಗೆ ಇದ್ದಾಗ ಕಣ ಬಲವಾದ ಅಯಸ್ಕಾಂತ, ಹೊರಗೆ ಬಂದ ಮೇಲೆ ಆ ಗುಣ ಉಳಿಯುವುದಿಲ್ಲ. ಉಳಿದಿದ್ದರೆ ರಕ್ತದಲ್ಲಿ ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು.

ತಯಾರಿಸುವುದು ಮೇಲ್ನೋಟಕ್ಕೆ ಸುಲಭ. ಎರಡು ಬಗೆಯ ಕಬ್ಬಿಣದ ಲವಣಗಳನ್ನು ಒಂದಕ್ಕೆ ಎರಡರಂತೆ ನೀರಲ್ಲಿ ಕರಗಿಸಿ ಅಮೋನಿಯಾ ಹಾಕಿದರೆ ಕ್ಷಣದಲ್ಲಿ ಕಪ್ಪಾಗುತ್ತದೆ. ಫ್ರಾನ್ಸಿನ ರೆನೆ ಮಸ್ಸಾರ್ 1981ರಲ್ಲಿ ತೋರಿಸಿದ ದಾರಿ. ಆದರೆ ಆ ಕಪ್ಪಿನಲ್ಲಿ ಐದು ನ್ಯಾನೋಮೀಟರಿನದ್ದೂ ಇರುತ್ತದೆ, ಹದಿನೈದರದ್ದೂ ಇರುತ್ತದೆ. ರಕ್ತನಾಳದ ಕೆಲಸಕ್ಕೆ ಈ ಮಿಶ್ರಣ ಆಗದು, ಯಾಕೆಂದರೆ ಗಾತ್ರ ಬದಲಾದರೆ ಚಿತ್ರವೇ ತಿರುಗಿಬೀಳುತ್ತದೆ. ದೊಡ್ಡ ಕಣ ಸುತ್ತಲಿನ ಕಾಂತಕ್ಷೇತ್ರವನ್ನು ಕದಡಿ ಟಿ2 ಇಳಿಸುತ್ತದೆ, ನಾಳ ಕಪ್ಪಾಗುತ್ತದೆ. ಕಪ್ಪಾದ ನಾಳವನ್ನು ಗಾಳಿಯಿಂದ, ಸುಣ್ಣಗಟ್ಟಿದ ಗೋಡೆಯಿಂದ ಬೇರೆ ಮಾಡಿ ಹೇಳುವುದು ರೇಡಿಯಾಲಜಿಸ್ಟಿಗೆ ಕಷ್ಟ. ಮೂರು ನಾಲ್ಕು ನ್ಯಾನೋಮೀಟರಿಗೆ ಇಳಿದರೆ ಕಣದ ಬಹುಪಾಲು ಪರಮಾಣುಗಳು ಮೇಲ್ಮೈಗೆ ಬಂದುಬಿಡುತ್ತವೆ. ಅಲ್ಲಿ ಅವುಗಳ ಕಾಂತಗುಣ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುವುದಿಲ್ಲ. ಕಣದ ಒಟ್ಟು ಬಲ ಕಡಿಮೆಯಾಗುತ್ತದೆ, ಟಿ2 ಪರಿಣಾಮ ಸೊರಗುತ್ತದೆ, ಟಿ1 ಗೆಲ್ಲುತ್ತದೆ. ನಾಳ ಬೆಳ್ಳಗೆ ಕಾಣುತ್ತದೆ. ಕಣವನ್ನು ದುರ್ಬಲ ಮಾಡಿದಷ್ಟೂ ಚಿತ್ರ ಚೆಂದ. ಇದು ನನಗೆ ಮೊದಲ ಸಲ ಅರ್ಥವಾದ ದಿನ ತುಂಬಾ ಖುಷಿಯಾಗಿತ್ತು, ಇವತ್ತಿಗೂ ವಿದ್ಯಾರ್ಥಿಗಳಿಗೆ ಹೇಳುವಾಗ ಅಷ್ಟೇ ಖುಷಿಯಾಗುತ್ತದೆ.

ಒಂದೇ ಗಾತ್ರದ ಕಣ ಬೇಕಾದರೆ ಎಣ್ಣೆಯ ದಾರಿ ಹಿಡಿಯಬೇಕು. ದಕ್ಷಿಣ ಕೊರಿಯಾದ ತೇಗ್ವಾನ್ ಹ್ಯೊನ್ ಅವರ ಗುಂಪು 2004ರಲ್ಲಿ, ಕಬ್ಬಿಣದ ಓಲಿಯೇಟನ್ನು (ಎಣ್ಣೆಯ ಓಲಿಯಿಕ್ ಆಮ್ಲದ ಜೊತೆ ಕಬ್ಬಿಣ ಸೇರಿದ ವಸ್ತು) ಕುದಿಯುವ ದ್ರಾವಕದಲ್ಲಿ ಮುನ್ನೂರು ಡಿಗ್ರಿ ದಾಟಿಸಿ ಒಡೆದು, ಒಂದೇ ಸಮನಾದ ಕಣಗಳನ್ನು ರಾಶಿಗಟ್ಟಲೆ ಮಾಡಬಹುದು ಅಂತ ತೋರಿಸಿತು. ಅದೇ ಗುಂಪು 2011ರಲ್ಲಿ ಮೂರು ನ್ಯಾನೋಮೀಟರಿನ ಕಣಗಳಿಂದ ಬೆಳ್ಳನೆಯ ಚಿತ್ರವನ್ನೂ ತೆಗೆಯಿತು. ತೊಂದರೆ ಏನೆಂದರೆ ಈ ಕಣಗಳ ಮೈಗೆ ಓಲಿಯಿಕ್ ಆಮ್ಲ ಹತ್ತಿಕೊಂಡಿರುತ್ತದೆ. ನೀರಿಗೆ ಹಾಕಿದರೆ ಬೆರೆಯುವುದಿಲ್ಲ, ರಕ್ತಕ್ಕೆ ಹಾಕುವ ಮಾತೇ ಇಲ್ಲ. ಆ ಪೊರೆ ತೆಗೆದು ನೀರನ್ನು ಒಪ್ಪುವ ಬೇರೆ ಪೊರೆ ಹೊದಿಸಬೇಕು. ನನ್ನ ಪಿಎಚ್‌ಡಿಯ ಬಹುಪಾಲು ಸಮಯ ಹೋದದ್ದು ಈ ಪೊರೆಯ ಮೇಲೆ. ಸಂಜೆ ಲೋಟದಲ್ಲಿ ತಿಳಿಯಾಗಿದ್ದ ದ್ರಾವಣ ಬೆಳಿಗ್ಗೆ ಬಂದಾಗ ತಳದಲ್ಲಿ ಕಂದು ಕೆಸರಾಗಿ ಕೂತಿರುತ್ತಿತ್ತು. ನೀರಿನಲ್ಲಿ ನಿಂತದ್ದು ಉಪ್ಪುನೀರಿನಲ್ಲಿ ನಿಲ್ಲುತ್ತಿರಲಿಲ್ಲ. ಉಪ್ಪುನೀರಿನಲ್ಲಿ ನಿಂತದ್ದು ರಕ್ತದ ತಿಳಿಯಾದ ಸೀರಮ್ಮಿನಲ್ಲಿ ಊದಿಕೊಳ್ಳುತ್ತಿತ್ತು, ಯಾಕೆಂದರೆ ರಕ್ತದ ಪ್ರೋಟೀನುಗಳು ಬಂದು ಕಣಕ್ಕೆ ಅಂಟಿಕೊಳ್ಳುತ್ತಿದ್ದವು. ಹಾಗೆ ಪ್ರೋಟೀನ್ ಹತ್ತಿದ ಕಣವನ್ನು ಯಕೃತ್ತು ಮತ್ತು ಗುಲ್ಮದ ಕಾವಲು ಕೋಶಗಳು ಹೊರಗಿನದು ಅಂತ ಗುರುತಿಸಿ ನುಂಗಿಬಿಡುತ್ತವೆ. ನಾಳದಲ್ಲಿ ಇರಬೇಕಾದದ್ದು ನಿಮಿಷಗಳಲ್ಲಿ ಯಕೃತ್ತಿನಲ್ಲಿ. ಮೊದಲು ಬಂದ ದೊಡ್ಡ ಕಬ್ಬಿಣ ಕಣಗಳು, 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫೆರಿಡೆಕ್ಸ್‌ನಂಥವು, ಇದನ್ನೇ ಬಳಸಿಕೊಂಡು ಯಕೃತ್ತಿನ ಗಡ್ಡೆ ಹುಡುಕಲು ಕೆಲಸಕ್ಕೆ ಬಂದವು. ರಕ್ತನಾಳಕ್ಕೆ ಅವು ಆಗಲಿಲ್ಲ.

ಹಾಗಾದರೆ ಕಣ ಕೊನೆಗೆ ಎಲ್ಲಿಗೆ ಹೋಗಬೇಕು? ದಾರಿ ಎರಡು. ಕಿಡ್ನಿಯ ಜರಡಿ ದಾಟಬೇಕಾದರೆ, ಪೊರೆ ಸೇರಿಸಿ ಕಣ ಸುಮಾರು 5.5 ನ್ಯಾನೋಮೀಟರಿಗಿಂತ ಚಿಕ್ಕದಿರಬೇಕು. 2007ರಲ್ಲಿ ಕ್ವಾಂಟಮ್ ಡಾಟು ಅನ್ನುವ, ಬೆಳಕು ಚೆಲ್ಲುವ ಪುಟ್ಟ ಕಣಗಳನ್ನು ಬಳಸಿ ಈ ಅಳತೆ ಕಂಡುಹಿಡಿದರು. 2017ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೌಂಗಿ ಬಾವೆಂಡಿ ಮತ್ತು ಜೊತೆಗಾರರು ಮೂರು ನ್ಯಾನೋಮೀಟರಿನ ಕಬ್ಬಿಣದ ತಿರುಳಿಗೆ ತೀರಾ ತೆಳ್ಳಗಿನ ಪೊರೆ ಹೊದಿಸಿದರು. ಇಲಿಗಳಲ್ಲಿ ನಾಳಗಳ ಬೆಳ್ಳನೆಯ ಚಿತ್ರ ಸಿಕ್ಕಿತು, ಕಣಗಳು ಮೂತ್ರದಲ್ಲಿ ಹೊರಗೆ ಬಂದವು. ಬಾವೆಂಡಿಯವರಿಗೆ 2023ರಲ್ಲಿ ನೊಬೆಲ್ ಬಂದದ್ದು ಕ್ವಾಂಟಮ್ ಡಾಟುಗಳಿಗೆ, ಆದರೆ ನಮ್ಮಂಥವರಿಗೆ ಅವರ ಹೆಸರು ಈ ಕೆಲಸದಿಂದಲೂ ಪರಿಚಿತ.

ಇನ್ನೊಂದು ದಾರಿ, ದೊಡ್ಡ ಕಣ. ಕಿಡ್ನಿ ದಾಟದೆ, ನಾಳದಿಂದ ಸೋರದೆ, ಗಂಟೆಗಟ್ಟಲೆ ರಕ್ತದಲ್ಲೇ ಇದ್ದು, ಆಮೇಲೆ ನಿಧಾನಕ್ಕೆ ಕಾವಲು ಕೋಶಗಳಿಗೆ ಹೋಗಿ ಕರಗಿ, ಅದರ ಕಬ್ಬಿಣ ಮೈಯ ಕಬ್ಬಿಣದ ಜೊತೆ ಸೇರುವುದು. ಫೆರುಮಾಕ್ಸಿಟಾಲ್ ಹೀಗೆ. ಒಳಗಿನ ಕಬ್ಬಿಣದ ತಿರುಳು ಚಿಕ್ಕದೇ, ಪೊರೆ ಸೇರಿಸಿ ಹೊರಗಿನ ಗಾತ್ರ ಸುಮಾರು 30 ನ್ಯಾನೋಮೀಟರ್. ಅಮೆರಿಕದಲ್ಲಿ 2009ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ ಔಷಧವಾಗಿ. ರೇಡಿಯಾಲಜಿಸ್ಟುಗಳು ಅದನ್ನು ನಾಳದ ಚಿತ್ರಕ್ಕೂ ಬಳಸಿದರು. ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 15 ಗಂಟೆ ಬೇಕು. ಹಾಗಾಗಿ ಸೆಕೆಂಡು ಲೆಕ್ಕ ಹಾಕುವ ಅವಸರ ಇಲ್ಲ. ಒಂದು ಸಲ ಚಿತ್ರ ಸರಿ ಬರದಿದ್ದರೆ ಇನ್ನೊಂದು ಸಲ ತೆಗೆಯಬಹುದು. ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳಲ್ಲಿ ಇದರಿಂದ ಬಂದ ಚಿತ್ರಗಳನ್ನು ನೋಡಿದರೆ ಬೆರಗಾಗುತ್ತದೆ.

ತೊಂದರೆಯೂ ಇದೆ. 2015ರಲ್ಲಿ, ಪ್ರಾಣ ಹೋಗುವಂಥ ಅಲರ್ಜಿ ಕೆಲವರಲ್ಲಿ ಆಯಿತು ಅಂತ ಇದಕ್ಕೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಿತ್ತು. ಈಗ ಒಮ್ಮೆಲೇ ಚುಚ್ಚುವ ಹಾಗಿಲ್ಲ, ಕನಿಷ್ಠ 15 ನಿಮಿಷ ಡ್ರಿಪ್ಪಿನಲ್ಲಿ ಕೊಡಬೇಕು, ಆಮೇಲೂ ಅರ್ಧ ಗಂಟೆ ಕಾಯಬೇಕು. ಕಣ ರಕ್ತದಲ್ಲೇ ಉಳಿಯುವುದರಿಂದ ಅಪಧಮನಿಯೂ ಅಭಿಧಮನಿಯೂ ಒಟ್ಟಿಗೆ ಹೊಳೆಯುತ್ತವೆ, ಬಿಡಿಸಿ ನೋಡಲು ಅನುಭವ ಬೇಕು.

ನನ್ನ ಅಭಿಪ್ರಾಯ ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಕ್ಷೇತ್ರದ ಬಹಳಷ್ಟು ಜನ ಈಗ ಚಿಕ್ಕ ಕಣದ ಹಿಂದೆ ಇದ್ದಾರೆ, ಕಿಡ್ನಿಯಲ್ಲಿ ಹೊರಗೆ ಹೋಗುತ್ತದೆ, ಮೈಯಲ್ಲಿ ಉಳಿಯುವುದಿಲ್ಲ, ಹಾಗಾಗಿ ಸುರಕ್ಷಿತ ಅಂತ. ಕಿಡ್ನಿ ಸರಿ ಇರುವವರಿಗೆ ಅದು ನಿಜ. ಮಾವನಂಥವರಿಗೆ ಆ ಬಾಗಿಲೇ ಇಲ್ಲ. ಅವರಿಗೆ ಬೇಕಾದದ್ದು ಯಕೃತ್ತಿನ ದಾರಿಯ ಕಣ. ಡಯಾಲಿಸಿಸ್‌ನಲ್ಲಿರುವ ಬಹಳ ಜನಕ್ಕೆ ಹೇಗೂ ನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಚಿತ್ರಕ್ಕೆ ಕೊಟ್ಟದ್ದೇ ಚಿಕಿತ್ಸೆಯೂ ಆಗಬಹುದು. ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ರೋಗಿಗೆ ಇದೇ ಕಣ ಕೆಟ್ಟದ್ದು, ಅವರ ಮೈಯಲ್ಲಿ ಕಬ್ಬಿಣ ಈಗಾಗಲೇ ಜಾಸ್ತಿ. ಎಲ್ಲರಿಗೂ ಒಂದೇ ಕಣ ಅನ್ನುವ ಹುಡುಕಾಟವನ್ನು ನಾವು ಬಿಡಬೇಕು. ರೋಗಿಯ ಯಾವ ಬಾಗಿಲು ತೆರೆದಿದೆ ಅಂತ ನೋಡಿ ಕಣ ಮಾಡಬೇಕು.

ಆದರೆ ಹಾಗೆ ಮಾಡಿದರೆ ಪ್ರತಿಯೊಂದಕ್ಕೂ ಗಿರಾಕಿ ಕಡಿಮೆ. ಗ್ಯಾಡೊಫೊಸ್ವೆಸೆಟ್ ಅಂತ ಒಂದು ಔಷಧ ಇತ್ತು, ರಕ್ತದ ಆಲ್ಬುಮಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡು ನಾಳದಲ್ಲೇ ಉಳಿಯುವಂಥದ್ದು, ರಕ್ತನಾಳಕ್ಕೆಂದೇ ಮಾಡಿದ್ದು. ಅಮೆರಿಕದಲ್ಲಿ 2008ರಲ್ಲಿ ಅನುಮತಿ ಬಂತು, ಹತ್ತು ವರ್ಷ ತುಂಬುವ ಮೊದಲೇ ತಯಾರಿ ನಿಂತಿತು. ಫೆರಿಡೆಕ್ಸ್ ಕೂಡ ಮಾರುಕಟ್ಟೆಯಿಂದ ಹೋಯಿತು. ಇಂಥದ್ದನ್ನು ಕಂಪನಿಗಳಿಗೆ ಮಾತ್ರ ಬಿಟ್ಟರೆ ಉಳಿಯುವುದಿಲ್ಲ ಅಂತ ನನಗೆ ಖಾತ್ರಿಯಾಗಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಅವರ ತಂಡ ಹೃದಯದ ಕವಾಟ ಮಾಡಿದ್ದನ್ನು ನೆನಪಿಸಿಕೊಳ್ಳಿ. ಮೊದಲ ಮಾದರಿಗಳು ಸೋತವು. ಬಿಡದೆ ವರ್ಷಗಟ್ಟಲೆ ಮಾಡಿದರು, 1990ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಅದು ಸರ್ಕಾರಿ ದುಡ್ಡಿನಲ್ಲಿ, ಸರ್ಕಾರಿ ಸಂಸ್ಥೆಯಲ್ಲಿ ಆದದ್ದು. ಕಾಂಟ್ರಾಸ್ಟ್ ಕಣಕ್ಕೂ, ಅಂದರೆ ಚಿತ್ರ ಎದ್ದು ಕಾಣಲೆಂದು ಕೊಡುವ ಕಣಕ್ಕೂ, ಅಂಥ ತಾಳ್ಮೆ ಬೇಕು. ಟ್ಯೂಬಿನಲ್ಲಿ ಅಳೆದು, ಇಲಿಯಲ್ಲಿ ನೋಡಿ, ಪೇಪರ್ ಬರೆದು ಮುಗಿಸುವ ಮೂರು ವರ್ಷದ ಪ್ರಾಜೆಕ್ಟುಗಳಿಂದ ರೋಗಿಯವರೆಗೆ ಯಾವುದೂ ತಲುಪುವುದಿಲ್ಲ.

ಈಗ ಸ್ಕ್ಯಾನಿಗೆ ಹೋಗುವವರಿಗೆ ಎರಡು ಮಾತು. ಕಾಂಟ್ರಾಸ್ಟ್ ಹಾಕುತ್ತೇವೆ ಅಂದರೆ ಕಿಡ್ನಿ ಹೇಗಿದೆ ಅಂತ ಹೇಳುವ ಇತ್ತೀಚಿನ ಕ್ರಿಯೇಟಿನಿನ್ ರಿಪೋರ್ಟು ತೋರಿಸಿ, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಲೆಕ್ಕ) ಎಷ್ಟು ಅಂತ ಕೇಳಿ. ಗ್ಯಾಡೊಲಿನಿಯಂ ಆದರೆ ಅದು ಪಂಜರದ ಜಾತಿಯದ್ದಾ ಅಂತ ಕೇಳಿ. ಮ್ಯಾಕ್ರೋಸೈಕ್ಲಿಕ್ ಅಂದರೆ ಅವರಿಗೆ ಗೊತ್ತಾಗುತ್ತದೆ. ಅಂಥದ್ದಾದರೆ ಕಿಡ್ನಿ ರೋಗಿಗಳಲ್ಲೂ ಅಪಾಯ ತೀರಾ ಕಡಿಮೆ, ಹೆದರಿ ಬೇಕಾದ ಸ್ಕ್ಯಾನನ್ನೇ ಬಿಡಬೇಡಿ. ಫೆರುಮಾಕ್ಸಿಟಾಲ್ ತೆಗೆದುಕೊಂಡವರಿದ್ದರೆ, ಮುಂದಿನ ಮೂರು ತಿಂಗಳಲ್ಲಿ ಯಾವುದೇ ಕಾರಣಕ್ಕೆ ಎಂಆರ್‌ಐ ಮಾಡಿಸಿದರೂ ಅಲ್ಲಿ ಮೊದಲೇ ತಿಳಿಸಿ, ಉಳಿದ ಕಬ್ಬಿಣದಿಂದ ಚಿತ್ರ ಬದಲಾಗಬಹುದು. ಮತ್ತೆ ಯಾವ ಇಂಜೆಕ್ಷನ್, ಯಾವ ದಿನ, ಎಷ್ಟು ಎಂ.ಎಲ್. ಅಂತ ಒಂದು ಚೀಟಿಯಲ್ಲಿ ಬರೆಸಿ ಫೈಲಿನಲ್ಲಿಡಿ. ಇವತ್ತು ಮಂಗಳೂರು, ನಾಳೆ ಕಣ್ಣೂರು, ನಾಡಿದ್ದು ಪರಿಯಾರಂ ಅಂತ ತಿರುಗುವ ನಮ್ಮಂಥವರ ರಿಪೋರ್ಟುಗಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ತಾವಾಗಿ ಹೋಗುವುದಿಲ್ಲ.